ಎಣ್ಣೆಗೆ ಡ್ರಿಪ್ ಹಾಕುವುದು: ಸಣ್ಣ ನಳಿಕೆಯಲ್ಲಿ ಬೆರೆಯದ ಎರಡು ದ್ರವ ಹರಿಸುವ ಬಗೆ

ಶಿರಸಿ ಪೇಟೆಯ ಮೆಡಿಕಲ್ ಶಾಪಿನಲ್ಲಿ ಎರಡು ಡ್ರಿಪ್ ಸೆಟ್, ಒಂದು ತ್ರೀ-ವೇ (ಮೂರು ಪೈಪು ಸೇರಿಸುವ ಪುಟ್ಟ ನಲ್ಲಿ) ಕೇಳಿದೆ. "ಯಾರಿಗೆ ಹುಷಾರಿಲ್ಲ ಮಾರಾಯ್ರೆ?" ಅಂದರು ಅಂಗಡಿಯವರು. "ಯಾರಿಗೂ ಏನೂ ಆಗಿಲ್ಲ, ಎಣ್ಣೆಗೆ ಡ್ರಿಪ್ ಹಾಕಬೇಕಿತ್ತು" ಅಂದೆ. ಅವರು ಬೇರೆ ಎಣ್ಣೆ ಅಂದುಕೊಂಡು ಹೊಟ್ಟೆ ಹಿಡಿದು ನಕ್ಕರು. ನಾನೂ ಬಿಡಿಸಿ ಹೇಳಲು ಹೋಗಲಿಲ್ಲ.

ವಿಷಯ ಇಷ್ಟೇ. ಅಕ್ಕನ ಮಗಳು ಕಾರವಾರದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಕೂದಲೆಳೆಯಷ್ಟು ಸಣ್ಣ ಕಾಲುವೆಯಲ್ಲಿ ಎಣ್ಣೆ ಮತ್ತು ನೀರು ಒಟ್ಟಿಗೆ ಹೇಗೆ ಹರಿಯುತ್ತವೆ ಅನ್ನುವುದು ಅವಳ ಪ್ರಾಜೆಕ್ಟು. ಇಂಥ ಕಾಲುವೆಗೆ ಮೈಕ್ರೋಚಾನೆಲ್ ಅನ್ನುತ್ತಾರೆ. ಕಂಪ್ಯೂಟರಿನಲ್ಲಿ ಬಣ್ಣಬಣ್ಣದ ಚಿತ್ರಗಳು ಬರುತ್ತಿದ್ದವು. "ಆದ್ರೆ ಮಾವ, ನಾನಿದನ್ನ ಕಣ್ಣಾರೆ ನೋಡೇ ಇಲ್ಲ" ಅಂದಳು. ರಜೆಗೆ ಬಂದಾಗ ನಮ್ಮ ಜಗುಲಿಯ ಮೇಲೆ ಒಂದು ಏಣಿ ನಿಲ್ಲಿಸಿ ಮಾಡಿ ನೋಡಿದೆವು. ಮೂರು ದಿನ ಕೆಟ್ಟಿತು, ನಾಲ್ಕನೇ ದಿನ ಸರಿಯಾಯಿತು. ಆ ಮೂರು ದಿನ ನಿಮಗೆ ಉಳಿಯಲಿ ಅಂತ ಬರೆಯುತ್ತಿದ್ದೇನೆ.

ಮೆಡಿಕಲ್ ಶಾಪಿನ ಪೈಪು ಸಾಕಾ?

ಸಾಕು. ಕಾರಣ ಕೇಳಿ. ತಂಬುಳಿಗೆ ಒಗ್ಗರಣೆ ಹಾಕಿದರೆ ಎಣ್ಣೆ ಮೇಲೆ ಬಂದು ನಿಲ್ಲುತ್ತದೆ. ಎಣ್ಣೆ ಹಗುರ, ನೀರು ಭಾರ. ಪಾತ್ರೆ ದೊಡ್ಡದಿದ್ದಾಗ ಭೂಮಿಯ ಸೆಳೆತವೇ ಯಜಮಾನ. ಆದರೆ ಎಣ್ಣೆ-ನೀರು ತಾಗುವ ಜಾಗದಲ್ಲಿ ಇನ್ನೊಂದು ಸೆಳೆತ ಇದೆ. ಆ ಮೇಲ್ಮೈ ಸದಾ ಕುಗ್ಗಿ ಗುಂಡಗಾಗಲು ನೋಡುತ್ತದೆ. ಇದು ಮೇಲ್ಮೈ ಸೆಳೆತ. ಯಾವುದು ಗೆಲ್ಲುತ್ತದೆ ಅನ್ನುವುದು ಜಾಗದ ಅಳತೆಯ ಮೇಲೆ ನಿಂತಿದೆ. ಅಡುಗೆ ಎಣ್ಣೆ ಮತ್ತು ನೀರಿನ ನಡುವೆ ಈ ಸೆಳೆತ ಮೀಟರಿಗೆ 25 ಮಿಲಿನ್ಯೂಟನ್ ಆಸುಪಾಸು. ಎರಡರ ಸಾಂದ್ರತೆಯ ಅಂತರ ಲೀಟರಿಗೆ ಸುಮಾರು 80 ಗ್ರಾಂ. ಲೆಕ್ಕ ಹಾಕಿದರೆ ಗಡಿ ಐದೂವರೆ ಮಿಲಿಮೀಟರ್ ಹತ್ತಿರ ಬರುತ್ತದೆ. ಅದಕ್ಕಿಂತ ತುಂಬಾ ಸಣ್ಣ ನಳಿಕೆಯಲ್ಲಿ ಮೇಲೆ-ಕೆಳಗೆ ಅನ್ನುವುದಕ್ಕೆ ಹೆಚ್ಚು ಅರ್ಥ ಉಳಿಯುವುದಿಲ್ಲ. ನಳಿಕೆಯನ್ನು ಅಡ್ಡ ಇಟ್ಟರೂ ಎಣ್ಣೆ ಮೇಲೆ ಹೋಗಿ ಕೂರುವುದಿಲ್ಲ. ಒಂದು-ಒಂದೂವರೆ ಮಿ.ಮೀ. ತೂತಿನ ಪೈಪು ನಿಜವಾದ ಮೈಕ್ರೋಚಾನೆಲ್ ಅಲ್ಲ, ಒಪ್ಪಿದೆ. ಆದರೆ ಅದೇ ಆಟ ಅಲ್ಲೂ ನಡೆಯುತ್ತದೆ, ಬರಿಗಣ್ಣಿಗೆ ಕಾಣುವಷ್ಟು ದೊಡ್ಡದಾಗಿ ನಡೆಯುತ್ತದೆ.

ಮಳೆಗಾಲದಲ್ಲಿ ಕಾರವಾರದ ಸೇತುವೆ ಮೇಲೆ ನಿಂತರೆ ಕಾಳಿ ನದಿಯ ಕೆಂಪು ನೀರು ಸಮುದ್ರದೊಳಗೆ ಒಂದಷ್ಟು ದೂರ ಬೇರೆಯೇ ಕಾಣುತ್ತದೆ. "ಇದೂ ಹಾಗೇನಾ?" ಅಂತ ಹುಡುಗಿ ಕೇಳಿದಳು. ಅಲ್ಲ. ಅವೆರಡೂ ನೀರೇ, ಸ್ವಲ್ಪ ಹೊತ್ತಿಗೆ ಬೆರೆತೇ ಬೆರೆಯುತ್ತವೆ. ಇಲ್ಲಿ ನಾವು ಹೇಳುತ್ತಿರುವುದು ಎಷ್ಟು ಹೊತ್ತಾದರೂ ಬೆರೆಯದ ಜೋಡಿ.

ಏನೇನು ಬೇಕು

ಒಂದು ಮೀಟರ್ ಉದ್ದದ ಸಣ್ಣ ಪೈಪು ಸೇರಿಯೇ ಬರುವ ತ್ರೀ-ವೇ ಒಂದು. ಎಕ್ಸ್‌ಟೆನ್ಷನ್ ಇರುವ ತ್ರೀ-ವೇ ಅಂದರೆ ಕೊಡುತ್ತಾರೆ. ಮಕ್ಕಳಿಗೆ ಹಾಕುವ ಮೈಕ್ರೋ ಡ್ರಿಪ್ ಸೆಟ್ ಒಂದು, ಇದು ನೀರಿಗೆ. ಮಾಮೂಲಿ ಡ್ರಿಪ್ ಸೆಟ್ ಒಂದು, ಇದು ಎಣ್ಣೆಗೆ. ಇನ್ನೊಂದು ಸಣ್ಣ ಎಕ್ಸ್‌ಟೆನ್ಷನ್ ಲೈನ್ ಜಾಸ್ತಿ ತಂದಿಡಿ, ಯಾಕೆ ಅಂತ ಆಮೇಲೆ ಹೇಳುತ್ತೇನೆ. 1 ಮಿ.ಲೀ. ಮತ್ತು 5 ಮಿ.ಲೀ. ಸಿರಿಂಜು. ಸೂಜಿ ಬೇಡ. ಎಲ್ಲವೂ ಹೊಸದೇ ಆಗಿರಲಿ, ಆಸ್ಪತ್ರೆಯಲ್ಲಿ ಬಳಸಿ ಬಿಸಾಡಿದ್ದು ಮುಟ್ಟಬೇಡಿ. ಎರಡು ಖಾಲಿ ನೀರಿನ ಬಾಟಲಿ, ಗ್ರಾಫ್ ಹಾಳೆ, ಮೊಬೈಲು.

ಎಣ್ಣೆ ಯಾವುದು? ನಮ್ಮ ಕಡೆ ಕೈಗೆ ಮೊದಲು ಸಿಗುವುದು ಕೊಬ್ಬರಿ ಎಣ್ಣೆ. ಬೇಡ. ಅದು 24 ಡಿಗ್ರಿಯ ಸುಮಾರಿಗೆ ಗಟ್ಟಿಯಾಗುತ್ತದೆ. ಕಾರವಾರದಲ್ಲಿ ನಡೆದೀತು. ಶಿರಸಿಯ ಚಳಿಗಾಲದ ಬೆಳಿಗ್ಗೆ ಬಾಟಲಿಯಲ್ಲೇ ಕಲ್ಲಾಗಿರುತ್ತದೆ, ಇನ್ನು ನಳಿಕೆಯ ಮಾತೆಲ್ಲಿ? ಸೂರ್ಯಕಾಂತಿ ರಿಫೈಂಡ್ ಎಣ್ಣೆ ತಗೊಳ್ಳಿ. ಸೀಮೆಎಣ್ಣೆ ತೆಳ್ಳಗಿದೆ ಅಂತ ಆಸೆಪಡಬೇಡಿ. ಪೈಪು ಹಾಳು, ಬೆಂಕಿಯ ಭಯ ಬೇರೆ.

ಬಣ್ಣಕ್ಕೆ ಪೇಟೆಗೆ ಹೋಗಬೇಕಿಲ್ಲ. ನಾಲ್ಕು ಮುರುಗಲು (ಕೋಕಂ) ಸಿಪ್ಪೆ ನೆನೆಸಿ ಹಿಂಡಿ, ಎರಡು ಮಡಿಕೆ ಬಟ್ಟೆಯಲ್ಲಿ ಸೋಸಿ. ಒಳ್ಳೆ ಕೆಂಪು ನೀರು ಸಿಗುತ್ತದೆ. ಎಣ್ಣೆಯನ್ನು ಉಗುರುಬೆಚ್ಚಗೆ ಮಾಡಿ ಒಂದು ಚಮಚ ಅರಿಶಿನ ಹಾಕಿ ಒಂದು ರಾತ್ರಿ ಬಿಡಿ, ಮೇಲಿನ ತಿಳಿಯನ್ನು ಸೋಸಿಕೊಳ್ಳಿ. ಹಳದಿ ಎಣ್ಣೆ ರೆಡಿ. ಮುರುಗಲಿನ ಬಣ್ಣ ನೀರಿಗೆ ಸೇರಿದ್ದು, ಎಣ್ಣೆಗೆ ಹೋಗುವುದಿಲ್ಲ. ಅರಿಶಿನದ ಬಣ್ಣ ಎಣ್ಣೆಗೆ ಒಗ್ಗುತ್ತದೆ, ನೀರಿಗೆ ಬಾರದು. ಹಾಗಾಗಿ ಗಂಟೆಗಟ್ಟಲೆ ಒಟ್ಟಿಗೆ ಹರಿದರೂ ಕೆಂಪು ಕೆಂಪೇ, ಹಳದಿ ಹಳದಿಯೇ. ಸೋಸುವುದರಲ್ಲಿ ಮಾತ್ರ ಸೋಮಾರಿತನ ಬೇಡ. ಒಂದು ಚೂರು ನಾರು ತ್ರೀ-ವೇ ಒಳಗೆ ಸಿಕ್ಕಿಕೊಂಡರೆ ಅರ್ಧ ದಿನ ಹೋಯಿತು.

ನಳಿಕೆಯ ತೂತು ಅಳೆಯಿರಿ

ಪ್ಯಾಕೆಟ್ಟಿನ ಮೇಲೆ ಬರೆದಿದ್ದನ್ನು ನಂಬಿ ಕೂರಬೇಡಿ. ಖಾಲಿ ಪೈಪಿಗೆ 1 ಮಿ.ಲೀ. ಸಿರಿಂಜಿನಿಂದ ಸರಿಯಾಗಿ ಅರ್ಧ ಮಿ.ಲೀ. ಕೆಂಪು ನೀರು ತಳ್ಳಿ, ಹಿಂದಿನಿಂದ ಗಾಳಿ ತಳ್ಳಿ ಅದನ್ನು ಪೈಪಿನ ನಡುವಿಗೆ ತನ್ನಿ. ಎಷ್ಟು ಉದ್ದ ಹಿಡಿದಿದೆ ನೋಡಿ. ನಮ್ಮದು 38 ಸೆಂ.ಮೀ. ಬಂತು. 500 ಘನ ಮಿ.ಮೀ. ಅನ್ನು 380 ಮಿ.ಮೀ. ನಿಂದ ಭಾಗಿಸಿದರೆ ತೂತಿನ ವಿಸ್ತೀರ್ಣ 1.3 ಚದರ ಮಿ.ಮೀ. ಅಂದರೆ ವ್ಯಾಸವೂ ಹೆಚ್ಚುಕಡಿಮೆ 1.3 ಮಿ.ಮೀ.

ಇಷ್ಟು ತಲೆಕೆಡಿಸಿಕೊಳ್ಳುವುದು ಯಾಕೆ ಅಂದರೆ, ನಳಿಕೆ ಹರಿವಿಗೆ ಒಡ್ಡುವ ತಡೆ ವ್ಯಾಸದ ನಾಲ್ಕನೇ ಘಾತಕ್ಕೆ ತಿರುಗಾಮುರುಗಾ. ವ್ಯಾಸ ಅರ್ಧವಾದರೆ ತಡೆ ಎರಡು ಪಟ್ಟಲ್ಲ, ಹದಿನಾರು ಪಟ್ಟು! ಅಳತೆಯಲ್ಲಿ ಶೇ. 10 ತಪ್ಪಿದರೆ ಹರಿವಿನ ಲೆಕ್ಕ ಶೇ. 40ರ ಹತ್ತಿರ ತಪ್ಪುತ್ತದೆ.

ಬಾಟಲಿ ಕಟ್ಟುವುದು

ಮೊದಲ ದಿನ ನಾವು ಎರಡು ಸಿರಿಂಜು ಹಿಡಿದು ಹೆಬ್ಬೆರಳಲ್ಲಿ ತಳ್ಳಿದೆವು. ಎಣ್ಣೆಯ ನಡುವೆ ನೀರು ಒಂದೇ ಅಳತೆಯ ತುಂಡುಗಳಾಗಿ ಬರಬೇಕಿತ್ತು. ಬಂದದ್ದು ಒಂದು ತುಂಡು ಉದ್ದ, ಒಂದು ಗಿಡ್ಡ, ಒಂದು ಹನಿ, ಮತ್ತೆ ಅರ್ಧ ಅಡಿ ಬರೀ ಎಣ್ಣೆ. ಕೈ ಎಷ್ಟೇ ನಿಧಾನ ಅಂದುಕೊಂಡರೂ ಬೆರಳು ಜಗ್ಗುತ್ತದೆ, ನಿಲ್ಲುತ್ತದೆ. ಈ ಕೆಲಸದಲ್ಲಿ ಬೇಕಾದ್ದು ಒಂದೇ ಸಮನೆಯ ಹರಿವು. ಪ್ರಯೋಗಾಲಯದಲ್ಲಿ ಅದಕ್ಕೆ ಸಿರಿಂಜ್ ಪಂಪ್ ಇರುತ್ತದೆ. ನಮಗೆ ಎತ್ತರ ಇದೆ. ನಮ್ಮ ಮಳೆಗಾಲದ ಕರೆಂಟನ್ನು ನಂಬುವುದಕ್ಕಿಂತ ಎತ್ತರವನ್ನು ನಂಬುವುದು ಮೇಲು.

ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿ ಡ್ರಿಪ್ ಸೆಟ್ಟಿನ ಮೊನೆ ಬಿಗಿಯಾಗಿ ಚುಚ್ಚಿ. ತಳ ಕತ್ತರಿಸಿ, ತಲೆಕೆಳಗಾಗಿ ಏಣಿಗೆ ಕಟ್ಟಿ. ಅಗಲದ ಬಾಟಲಿಯೇ ಆಗಲಿ. ಗಂಟೆಗೆ ಹತ್ತಾರು ಮಿ.ಲೀ. ಎಣ್ಣೆ ಖರ್ಚಾದರೂ ಮಟ್ಟ ಕಣ್ಣಿಗೆ ಕಾಣುವಷ್ಟು ಇಳಿಯುವುದಿಲ್ಲ.

ಎಷ್ಟು ಎತ್ತರ? ಸೂರ್ಯಕಾಂತಿ ಎಣ್ಣೆಯ ಮಂದತನ, ಅಂದರೆ ಪಠ್ಯದಲ್ಲಿ ಸ್ನಿಗ್ಧತೆ ಅಂತ ಓದಿದ್ದು, 25 ಡಿಗ್ರಿಯಲ್ಲಿ ನೀರಿನ ಐವತ್ತು ಪಟ್ಟಿನಷ್ಟಿದೆ. 1.3 ಮಿ.ಮೀ. ತೂತಿನ ಒಂದು ಮೀಟರ್ ಪೈಪಿನಲ್ಲಿ ನಿಮಿಷಕ್ಕೆ 0.3 ಮಿ.ಲೀ. ಎಣ್ಣೆ ಹರಿಸಲು 3,500 ಪಾಸ್ಕಲ್‌ಗಿಂತ ಸ್ವಲ್ಪ ಹೆಚ್ಚು ಒತ್ತಡ ಬೇಕು. ಎಣ್ಣೆಯ ಎತ್ತರದಲ್ಲಿ ಹೇಳುವುದಾದರೆ 40 ಸೆಂ.ಮೀ. ಈ ಎತ್ತರವನ್ನು ಬಾಟಲಿಯ ಎಣ್ಣೆ ಮಟ್ಟದಿಂದ ಪೈಪಿನ ಹೊರತುದಿಯವರೆಗೆ ಅಳೆಯಿರಿ. ತ್ರೀ-ವೇ ಎಲ್ಲಿದೆ ಅನ್ನುವುದು ಇಲ್ಲಿ ಮುಖ್ಯವಲ್ಲ.

ನಾವು ಮಾಡಿದ ತಪ್ಪು ಇಲ್ಲೇ. ನೀರು ತೆಳ್ಳಗಿದೆ, ಅದಕ್ಕೆ ಕಡಿಮೆ ಎತ್ತರ ಸಾಕು ಅಂದುಕೊಂಡು ನೀರಿನ ಬಾಟಲಿಯನ್ನು ಒಂದು ಗೇಣು ಎತ್ತರಕ್ಕೆ ಕಟ್ಟಿದೆವು. ಕಾಫಿ ಕುಡಿದು ಬರುವಷ್ಟರಲ್ಲಿ "ಮಾವ, ಎಣ್ಣೆ ವಾಪಸ್ ಹತ್ತುತ್ತಾ ಇದೆ!" ಅಂತ ಕೂಗು. ನೋಡಿದರೆ ಹಳದಿ ಎಣ್ಣೆ ನೀರಿನ ಪೈಪು ಹಿಡಿದು ಡ್ರಿಪ್ ಚೇಂಬರಿನವರೆಗೆ ಏರಿಬಿಟ್ಟಿದೆ. ಆ ಸೆಟ್ಟು ಅಲ್ಲಿಗೆ ಮುಗಿಯಿತು, ಎಷ್ಟು ತೊಳೆದರೂ ಒಳಗೆ ಎಣ್ಣೆ ಪಸೆ. ಎರಡೂ ಸೇರುವ ಜಾಗದಲ್ಲಿ ಒತ್ತಡ ಒಂದೇ ಅಲ್ವಾ? ಎಣ್ಣೆಯನ್ನು ಹೊರತಳ್ಳುವಷ್ಟು ಒತ್ತಡ ಅಲ್ಲಿದ್ದರೆ, ನೀರೂ ಅದನ್ನು ಮೀರಿಯೇ ಒಳಗೆ ಬರಬೇಕು.

ಹಾಗಾಗಿ ನೀರಿನ ಬಾಟಲಿಯನ್ನು ಎಣ್ಣೆಯದಕ್ಕಿಂತ ಮೇಲೆ, 80 ಸೆಂ.ಮೀ.ಗೋ ಒಂದು ಮೀಟರಿಗೋ ಕಟ್ಟಿ. ಹರಿವನ್ನು ಡ್ರಿಪ್ ಸೆಟ್ಟಿನ ಗಾಲಿಯಿಂದ ಬಿಗಿ ಮಾಡಿ. ಎತ್ತರ ಜಾಸ್ತಿ, ಬಿಗಿಯೂ ಜಾಸ್ತಿ. ಇದರಲ್ಲೊಂದು ಗುಟ್ಟಿದೆ. ಪ್ರತಿ ತುಂಡು ಕಡಿಯುವಾಗಲೂ ಸೇರುವ ಜಾಗದಲ್ಲಿ ಒತ್ತಡ ಸ್ವಲ್ಪ ಏರಿಳಿಯುತ್ತದೆ. ಹಿಂದಿನ ಒತ್ತಡ ಸಣ್ಣದಿದ್ದರೆ ಆ ಏರಿಳಿತಕ್ಕೇ ಹರಿವು ತೂಗಾಡುತ್ತದೆ. ದೊಡ್ಡದಿದ್ದರೆ ಕ್ಯಾರೇ ಅನ್ನುವುದಿಲ್ಲ. ಇಳಿಜಾರಿನ ಅಡಿಕೆ ತೋಟಕ್ಕೆ ಡ್ರಿಪ್ ಹಾಕಿಸಿದವರಿಗೆ ಇದು ಗೊತ್ತು. ಟ್ಯಾಂಕು ಎತ್ತರದಲ್ಲಿದ್ದು ಡ್ರಿಪ್ಪರಿನ ತೂತು ಸಣ್ಣದಿದ್ದರೆ ಮೇಲಿನ ಮರಕ್ಕೂ ಕೆಳಗಿನ ಮರಕ್ಕೂ ನೀರಿನ ವ್ಯತ್ಯಾಸ ಕಡಿಮೆ.

ಎಣ್ಣೆಗೂ ಇದೇ ಉಪಾಯ. ಜಾಸ್ತಿ ತಂದ ಸಣ್ಣ ಎಕ್ಸ್‌ಟೆನ್ಷನ್ ಲೈನನ್ನು ಎಣ್ಣೆಯ ಡ್ರಿಪ್ ಸೆಟ್ಟಿಗೂ ತ್ರೀ-ವೇಗೂ ನಡುವೆ ಸಿಕ್ಕಿಸಿ, ಎಣ್ಣೆ ಬಾಟಲಿಯನ್ನು ಎರಡು ಪಟ್ಟು ಎತ್ತರಕ್ಕೆ ಏರಿಸಿ. ನೀರಿನದನ್ನೂ ಅದಕ್ಕೆ ತಕ್ಕಂತೆ ಮೇಲಕ್ಕೆ. ಇದಿಲ್ಲದೆಯೂ ನಡೆಯುತ್ತದೆ. ಆದರೆ ಇದ್ದರೆ ತುಂಡುಗಳು ಅಚ್ಚು ಹೊಯ್ದಂತೆ ಬರುತ್ತವೆ.

ಮೊದಲು ಎಣ್ಣೆ, ಆಮೇಲೆ ನೀರು

ತ್ರೀ-ವೇಯ ನೇರ ದಾರಿಗೆ ಎಣ್ಣೆ, ಪಕ್ಕದ ಕವಲಿಗೆ ನೀರು, ಎದುರು ತುದಿಗೆ ಹೊರಗಿನ ಪೈಪು. ಮೊದಲು ನೀರಿನ ಪೈಪನ್ನು ಬೇರೆಯಾಗಿಯೇ ತುಂಬಿಸಿ ಗಾಳಿ ತೆಗೆಯಿರಿ, ಗಾಲಿ ಮುಚ್ಚಿ, ತ್ರೀ-ವೇಯ ನೀರಿನ ದಾರಿಯನ್ನೂ ಮುಚ್ಚಿಡಿ. ಆಮೇಲೆ ಎಣ್ಣೆ ಬಿಡಿ. ಪೂರ್ತಿ ಪೈಪು ಎಣ್ಣೆ ಕುಡಿದು ಹೊರತುದಿಯಿಂದ ಹನಿ ಬೀಳಬೇಕು. ಹತ್ತು ನಿಮಿಷ ಹಾಗೇ ಹರಿಯಲಿ.

ಈ ಸರದಿ ತಪ್ಪಿಸಬೇಡಿ. ಪೈಪಿನ ಪ್ಲಾಸ್ಟಿಕ್ಕಿಗೆ ನೀರಿಗಿಂತ ಎಣ್ಣೆ ಇಷ್ಟ. ಗೋಡೆ ಎಣ್ಣೆ ಹಿಡಿದರೆ ನೀರು ಗೋಡೆಗೆ ತಾಗದೆ, ಎಣ್ಣೆಯ ತೆಳು ಪದರದ ಮೇಲೆ ಜಾರುತ್ತಾ ತುಂಡು ತುಂಡಾಗಿ ಸಾಗುತ್ತದೆ. ಮೊದಲೇ ನೀರು ಬಿಟ್ಟರೆ ಅದು ಅಲ್ಲಲ್ಲಿ ಗೋಡೆಗೆ ಅಂಟಿ ಕೂರುತ್ತದೆ. ಆಮೇಲೆ ಬರುವ ತುಂಡುಗಳು ಅಲ್ಲಿ ಎಡವಿ, ಒಂದಕ್ಕೊಂದು ಸೇರಿ, ಎಲ್ಲ ಕಲಸುಮೇಲೋಗರ. ನಮ್ಮ ಎರಡನೇ ದಿನ ಹೋಗಿದ್ದು ಹೀಗೆ.

ಗಾಜಿನ ನಳಿಕೆಯಾದರೆ ಪೂರಾ ಉಲ್ಟಾ. ಶುದ್ಧ ಗಾಜಿಗೆ ನೀರೇ ಇಷ್ಟ. ಅಲ್ಲಿ ಮೊದಲು ನೀರು ಬಿಡಬೇಕು, ಆಗ ನೀರಿನೊಳಗೆ ಎಣ್ಣೆಯ ಹನಿಗಳು ಸಿಗುತ್ತವೆ. ದ್ರವ ಎರಡೂ ಅವೇ, ಕವಲೂ ಅದೇ. ಯಾರು ಹನಿ, ಯಾರು ಹೊಳೆ ಅಂತ ಗೋಡೆ ತೀರ್ಮಾನಿಸುತ್ತದೆ.

ಗಾಳಿ ಗುಳ್ಳೆ ಇದ್ದರೆ ನರ್ಸ್‌ಗಳು ಮಾಡುವ ಹಾಗೆ ಪೈಪನ್ನು ಬೆರಳಲ್ಲಿ ಮೀಟಿ ಓಡಿಸಿ. ಗಾಳಿ ಸ್ಪ್ರಿಂಗಿನಂತೆ ಕುಗ್ಗಿ ಹಿಗ್ಗುತ್ತದೆ. ಒಂದು ಬಟಾಣಿ ಕಾಳಿನಷ್ಟು ಗುಳ್ಳೆ ಉಳಿದರೂ ತುಂಡುಗಳ ಉದ್ದ ಸಮ ಬರುವುದಿಲ್ಲ.

ಈಗ ನೀರು ತೆರೆಯಿರಿ

ತ್ರೀ-ವೇಯ ಮೂರೂ ದಾರಿ ತೆರೆದಿರುವಂತೆ ತಿರುಗಿಸಿ, ನೀರಿನ ಗಾಲಿಯನ್ನು ನಿಧಾನ ಸಡಿಲಿಸಿ. ಮೈಕ್ರೋ ಡ್ರಿಪ್ಪಿನಲ್ಲಿ 60 ಹನಿಗೆ 1 ಮಿ.ಲೀ. ಚೇಂಬರಿನಲ್ಲಿ ಹತ್ತು ಸೆಕೆಂಡಿಗೆ ಒಂದು ಹನಿ ಬಿದ್ದರೆ ನಿಮಿಷಕ್ಕೆ 0.1 ಮಿ.ಲೀ. ಅದೇ ನಿಮ್ಮ ಮೀಟರು. ಎಣ್ಣೆಗೆ ಈ ಲೆಕ್ಕ ನಡೆಯುವುದಿಲ್ಲ, ಎಣ್ಣೆಯ ಹನಿಯ ಗಾತ್ರವೇ ಬೇರೆ. ಅದನ್ನು ಕೊನೆಯಲ್ಲಿ ಅಳೆಯೋಣ.

ತ್ರೀ-ವೇಯ ಹೊಟ್ಟೆ ಪಾರದರ್ಶಕ. ಅದರ ಹಿಂದೆ ಬಿಳಿ ಹಾಳೆ ಇಟ್ಟು ಹತ್ತಿರದಿಂದ ನೋಡಿ. ಕವಲಿನ ಬಾಯಿಂದ ಕೆಂಪು ನೀರು ನಾಲಿಗೆಯಂತೆ ಹೊರಗೆ ಇಣುಕುತ್ತದೆ. ಉಬ್ಬುತ್ತದೆ. ಎದುರು ಗೋಡೆಯ ಹತ್ತಿರ ಹೋಗಿ ಎಣ್ಣೆಯ ದಾರಿಯನ್ನೇ ಹೆಚ್ಚುಕಡಿಮೆ ಮುಚ್ಚಿಬಿಡುತ್ತದೆ. ಎಣ್ಣೆ ಸುಮ್ನೆ ಇರುತ್ತದಾ? ಹಿಂದಿನಿಂದ ಬರುವುದು ಬರುತ್ತಲೇ ಇದೆ, ಮುಂದೆ ದಾರಿಯಿಲ್ಲ. ಒತ್ತಡ ಏರುತ್ತದೆ. ಆಗ ಎಣ್ಣೆ ಆ ನಾಲಿಗೆಯ ಬುಡವನ್ನು ಹಿಂದಿನಿಂದ ಹಿಸುಕತೊಡಗುತ್ತದೆ. ಬುಡ ಸಣ್ಣದಾಗುತ್ತಾ ಸೊಂಟದಂತೆ, ಆಮೇಲೆ ದಾರದಂತೆ ಆಗಿ, ಪಟ್ ಅಂತ ಕಡಿಯುತ್ತದೆ. ಕಡಿದ ತುಂಡು ಮುಂದಕ್ಕೆ ಹೊರಟಿತು. ಉಳಿದ ನಾಲಿಗೆ ಒಳಗೆ ಎಳೆದುಕೊಂಡು ಮತ್ತೆ ಇಣುಕುತ್ತದೆ.

ನಮ್ಮಲ್ಲಿ ಸುಮಾರು ಹತ್ತು ಸೆಕೆಂಡಿಗೊಂದು ತುಂಡು ಬರುತ್ತಿತ್ತು. ಕೆಂಪು, ಹಳದಿ, ಕೆಂಪು, ಹಳದಿ. ಆಯಿ ಕನ್ನಡಕ ಹಾಕಿಕೊಂಡು ಬಂದು ನೋಡಿ "ಹವಳದ ಸರ ಇದ್ದಾಂಗೆ ಇದ್ದು" ಅಂದಳು. ಇದಕ್ಕೆ ಪುಸ್ತಕದಲ್ಲಿ ಸ್ಲಗ್ ಹರಿವು ಅನ್ನುತ್ತಾರೆ. ಆಯಿಯ ಹೆಸರು ಚೆನ್ನಾಗಿದೆ.

ತುಂಡಿನ ಉದ್ದ ಯಾರ ಕೈಲಿದೆ

ಇಡೀ ಪ್ರಯೋಗದಲ್ಲಿ ನನಗೆ ಇಷ್ಟವಾದದ್ದು ಇದೇ ಭಾಗ. ಕವಲಿನಲ್ಲಿ ಹನಿ ಮಾಡುವ ಈ ಬಗೆಯನ್ನು 2001ರಲ್ಲಿ ಅಮೆರಿಕದ ಕ್ಯಾಲ್ಟೆಕ್‌ನ ಥಾರ್ಸೆನ್, ಕ್ವೇಕ್ ಮೊದಲಾದವರು ಸಣ್ಣ ಚಿಪ್ಪಿನಲ್ಲಿ (ಇಂಗ್ಲಿಷಿನ ಚಿಪ್, ಮೈಕ್ರೋಚಾನೆಲ್ ಇರುವ ಪುಟ್ಟ ಬಿಲ್ಲೆ) ತೋರಿಸಿದರು. ಆ ತಂಡದಲ್ಲಿದ್ದ ಫ್ರಾನ್ಸಿಸ್ ಅರ್ನಾಲ್ಡ್ ಅವರಿಗೆ ಬೇರೆ ಕೆಲಸಕ್ಕೆ 2018ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. 2006ರಲ್ಲಿ ಗಾರ್ಸ್ಟೆಕಿ ಮತ್ತು ಜೊತೆಗಾರರು ಒಂದು ಸರಳ ಸೂತ್ರ ಕೊಟ್ಟರು. ನಿಧಾನ ಹರಿವಿನಲ್ಲಿ ತುಂಡಿನ ಉದ್ದ ಕಾಲುವೆಯ ಅಗಲದ ಎಷ್ಟು ಪಟ್ಟು ಅಂದರೆ: ಒಂದು, ಅದಕ್ಕೆ ನೀರಿನ ಹರಿವನ್ನು ಎಣ್ಣೆಯ ಹರಿವಿನಿಂದ ಭಾಗಿಸಿದ್ದನ್ನು ಕೂಡಿಸಿ. ಕೂಡಿಸುವ ಮೊದಲು ಒಂದು ಸ್ಥಿರಾಂಕದಿಂದ ಗುಣಿಸಬೇಕು. ಕವಲಿನ ಆಕಾರದ ಮೇಲೆ ನಿಂತಿರುವ ಆ ಸ್ಥಿರಾಂಕ ಒಂದರ ಆಸುಪಾಸು ಇರುತ್ತದೆ.

ಮೇಲೆ ನೋಡಿದ್ದನ್ನೇ ನೆನಪಿಸಿಕೊಂಡರೆ ಸೂತ್ರ ತಾನಾಗೇ ಬರುತ್ತದೆ. ದಾರಿ ಮುಚ್ಚುವಷ್ಟು ಬೆಳೆಯಲು ಒಂದು ಅಗಲ ಬೇಕು, ಅದು ಆ 'ಒಂದು'. ಆಮೇಲೆ ಎಣ್ಣೆ ಬುಡ ಹಿಸುಕುವಷ್ಟು ಹೊತ್ತೂ ನೀರು ಒಳಗೆ ಬರುತ್ತಲೇ ಇರುತ್ತದೆ. ಎಣ್ಣೆ ಜೋರಿದ್ದರೆ ಬೇಗ ಕಡಿಯುತ್ತದೆ, ತುಂಡು ಗಿಡ್ಡ. ನೀರು ಜೋರಿದ್ದರೆ ಅಷ್ಟರಲ್ಲಿ ಜಾಸ್ತಿ ತುಂಬುತ್ತದೆ, ತುಂಡು ಉದ್ದ. ಎಣ್ಣೆ ಎಷ್ಟು ಮಂದ, ಮೇಲ್ಮೈ ಸೆಳೆತ ಎಷ್ಟು ಅನ್ನುವುದು ಸೂತ್ರದಲ್ಲಿ ಎಲ್ಲೂ ಇಲ್ಲ. ಎರಡರ ಹರಿವಿನ ಪ್ರಮಾಣ ಮಾತ್ರ.

ಅಳೆಯುವಾಗ ಎರಡು ಎಚ್ಚರ. ತ್ರೀ-ವೇಯ ಒಳತೂತು ಹೊರಗಿನ ಪೈಪಿಗಿಂತ ಅಗಲ. ಅಲ್ಲಿ ಮೋಟಾಗಿ ಹುಟ್ಟಿದ ತುಂಡು ಪೈಪಿಗೆ ಬಂದಾಗ ಜಗ್ಗಿ ಉದ್ದವಾಗುತ್ತದೆ. ತೂತು ಅರ್ಧಕ್ಕೆ ಇಳಿದರೆ ಉದ್ದ ನಾಲ್ಕು ಪಟ್ಟು. ಹೀಗಾಗಿ ನಮ್ಮ ತುಂಡುಗಳು 12-14 ಮಿ.ಮೀ. ಇದ್ದವು. ಇನ್ನೊಂದು, ದುಂಡು ಪೈಪು ಭೂತಗನ್ನಡಿಯಂತೆ ಕೆಲಸ ಮಾಡಿ ತುಂಡನ್ನು ದಪ್ಪ ಮಾಡಿ ತೋರಿಸುತ್ತದೆ. ಚಪ್ಪಟೆ ಗಾಜಿನ ತಟ್ಟೆಯಲ್ಲಿ ಸ್ವಲ್ಪ ಅದೇ ರಿಫೈಂಡ್ ಎಣ್ಣೆ ಹಾಕಿ ಪೈಪನ್ನು ಮುಳುಗಿಸಿ, ಕೆಳಗೆ ಗ್ರಾಫ್ ಹಾಳೆ ಇಡಿ. ಎಣ್ಣೆಯೂ ಪ್ಲಾಸ್ಟಿಕ್ಕೂ ಬೆಳಕನ್ನು ಬಾಗಿಸುವುದು ಹೆಚ್ಚುಕಡಿಮೆ ಒಂದೇ ರೀತಿ, ಹಾಗಾಗಿ ಪೈಪಿನ ಹೊರಗೋಡೆ ಮಾಯವಾದಂತಾಗಿ ನಿಜವಾದ ಆಕಾರ ಕಾಣುತ್ತದೆ. ಮೊಬೈಲನ್ನು ನೇರ ಮೇಲಿಟ್ಟು ಸ್ಲೋ ಮೋಷನ್‌ನಲ್ಲಿ ಹಿಡಿಯಿರಿ.

ಇನ್ನು ಪ್ರಮಾಣ. ಹೊರತುದಿಯನ್ನು 5 ಮಿ.ಲೀ. ಸಿರಿಂಜಿನ ಕೊಳವೆಯೊಳಗೆ ಬಿಡಿ. ಕೊಳವೆಯ ಕೆಳಗಿನ ಮೂತಿ ಮುಚ್ಚಿರಲಿ. ಹತ್ತು ನಿಮಿಷ ತುಂಬಲಿ. ಇಲ್ಲಿ ಜಾಗ ದೊಡ್ಡದು, ಭೂಮಿಯ ಸೆಳೆತ ಮತ್ತೆ ಯಜಮಾನಿಕೆಗೆ ಬರುತ್ತದೆ: ಕೆಂಪು ಕೆಳಗೆ, ಹಳದಿ ಮೇಲೆ. ಕೆಳಗೆ 1 ಮಿ.ಲೀ., ಮೇಲೆ 2 ಮಿ.ಲೀ. ಇದ್ದರೆ ಪ್ರಮಾಣ ಅರ್ಧ. ಲೆಕ್ಕವಿಲ್ಲ, ಪತ್ರವಿಲ್ಲ, ಗೆರೆ ಓದಿದರಾಯಿತು. ನೀರಿನ ಗಾಲಿಯನ್ನು ಬದಲಿಸುತ್ತಾ ಐದಾರು ಪ್ರಮಾಣಕ್ಕೆ ಹೀಗೆ ಅಳೆದು ಗ್ರಾಫ್ ಹಾಕಿ. ಹೆಚ್ಚುಕಡಿಮೆ ನೇರ ಗೆರೆ ಬರಬೇಕು. ಒಂದು ಮಾತು: ಗಾಲಿಯ ಕೆಳಗಿನ ಪ್ಲಾಸ್ಟಿಕ್ ಪೈಪು ಒತ್ತಿದಲ್ಲೇ ನಿಧಾನವಾಗಿ ಆಕಾರ ಬದಲಿಸುತ್ತಾ ಹೋಗುತ್ತದೆ, ಹರಿವೂ ಜಾರುತ್ತದೆ. ಪ್ರತಿ ಅಳತೆಗೂ ಹನಿ ಮತ್ತೆ ಎಣಿಸಿ.

ಇಷ್ಟಾದ ಮೇಲೆ ಒಂದು ತಮಾಷೆ ನಡೆಯಿತು. ಹುಡುಗಿ ಸಾಮಾನೆಲ್ಲ ಗಂಟು ಕಟ್ಟಿಕೊಂಡು ಕಾರವಾರಕ್ಕೆ ಹೋಗಿ, ಕೋಡಿಬಾಗದ ಮನೆಯಲ್ಲಿ ಅದೇ ಎತ್ತರಕ್ಕೆ ಬಾಟಲಿ ಕಟ್ಟಿದಳು. ಹನಿಯನ್ನೂ ಅಷ್ಟೇ ಎಣಿಸಿ ಇಟ್ಟಳು. ತುಂಡು ಗಿಡ್ಡ ಬಂತು. ಫೋನ್ ಮಾಡಿ "ಇಲ್ಲಿನ ನೀರು ಸರಿ ಇಲ್ವೇನೋ ಮಾವ" ಅಂದಳು. ನೀರಿನ ತಪ್ಪಲ್ಲ. ಸೆಕೆ. ಶಿರಸಿ ಸುಮಾರು 600 ಮೀಟರ್ ಎತ್ತರದ ಊರು, ನಾವು ಮಾಡಿದ್ದು ಚಳಿಗಾಲದ ಬೆಳಿಗ್ಗೆ. ಕಾರವಾರ ಸಮುದ್ರದ ದಂಡೆ, ಅವಳು ಮಾಡಿದ್ದು ಮಧ್ಯಾಹ್ನ. ಹತ್ತು ಡಿಗ್ರಿ ಏರಿದರೆ ಎಣ್ಣೆಯ ಮಂದತನ ಸುಮಾರು ಮೂರನೇ ಒಂದು ಭಾಗ ಇಳಿಯುತ್ತದೆ. ಅದೇ ಎತ್ತರದಿಂದ ಎಣ್ಣೆ ಜೋರಾಗಿ ಹರಿಯಿತು, ಪ್ರಮಾಣ ಬದಲಾಯಿತು. ಅವಳು ಸಿರಿಂಜಿನಲ್ಲಿ ಹಿಡಿದು ನಿಜವಾದ ಪ್ರಮಾಣ ಅಳೆದು ಚುಕ್ಕಿ ಇಟ್ಟಳು. ಚುಕ್ಕಿ ಶಿರಸಿಯ ಗೆರೆಯ ಮೇಲೇ ಕೂತಿತು. ಬಾಟಲಿಯ ಎತ್ತರ ಬರೆದಿಟ್ಟುಕೊಳ್ಳುವುದು ಒಳ್ಳೆಯದೇ, ಆದರೆ ಗ್ರಾಫಿಗೆ ಹಾಕಬೇಕಾದ್ದು ಕೊನೆಯಲ್ಲಿ ಹಿಡಿದು ಅಳೆದ ಪ್ರಮಾಣವನ್ನು.

ಎಷ್ಟು ಜೋರು ಹೋಗಬಹುದು

ಸೂತ್ರ ನಡೆಯುವುದು ನಿಧಾನ ಹರಿವಿನಲ್ಲಿ ಮಾತ್ರ ಅಂದೆ. ನಿಧಾನ ಅಂದರೆ ಎಷ್ಟು? ಎಣ್ಣೆಯ ಮಂದತನವನ್ನು ವೇಗದಿಂದ ಗುಣಿಸಿ, ಮೇಲ್ಮೈ ಸೆಳೆತದಿಂದ ಭಾಗಿಸಿ. ಬರುವುದು ಕ್ಯಾಪಿಲರಿ ಸಂಖ್ಯೆ. ಎಳೆದಾಡುವ ಬಲಕ್ಕೂ ಗುಂಡಗಾಗಿಸುವ ಬಲಕ್ಕೂ ಇರುವ ಅನುಪಾತ ಅದು. ನಮ್ಮ ವೇಗ ಸೆಕೆಂಡಿಗೆ 4 ಮಿ.ಮೀ. ಹತ್ತಿರ, ಸಂಖ್ಯೆ 0.0075. ಇದು 0.01ರೊಳಗೆ ಇರುವವರೆಗೆ ಹಿಸುಕಿ ಕಡಿಯುವ ಆಟ. ಅದನ್ನು ದಾಟಿ ಮೇಲೆ ಹೋದಂತೆ ನೀರು ದಾರಿ ಪೂರ್ತಿ ಮುಚ್ಚುವ ಮೊದಲೇ ಎಣ್ಣೆ ಅದನ್ನು ಎಳೆದು ಕಿತ್ತುಕೊಳ್ಳುತ್ತದೆ. ಹನಿ ಸಣ್ಣದಾಗುತ್ತದೆ. ಇನ್ನೂ ಜೋರಾದರೆ ನೀರು ಕವಲಿನಲ್ಲಿ ಕಡಿಯದೆ ಉದ್ದ ದಾರವಾಗಿ ಪೈಪಿನೊಳಗೆ ನುಗ್ಗಿ, ಮುಂದೆಲ್ಲೋ ಹನಿಹನಿಯಾಗಿ ಒಡೆಯುತ್ತದೆ. ನಲ್ಲಿಯ ಸಣ್ಣ ಧಾರೆ ಕೆಳಗೆ ಹೋಗುತ್ತಾ ಹನಿಯಾಗುವುದೂ ಇದೇ ಕಾರಣಕ್ಕೆ. 19ನೇ ಶತಮಾನದಲ್ಲಿ ಪ್ಲೇಟೋ ಎಂಬ ಬೆಲ್ಜಿಯಂನ ವಿಜ್ಞಾನಿ, ಆಮೇಲೆ ಇಂಗ್ಲೆಂಡಿನ ಲಾರ್ಡ್ ರೇಲೀ ಇದನ್ನು ಬಿಡಿಸಿದರು. ಈ ದಾರ ನೋಡಬೇಕಿದ್ದರೆ ಮಾತ್ರ ಎಣ್ಣೆಗೂ ನೀರಿಗೂ ಸಿರಿಂಜು ಹಾಕಿ ಕೈಯಲ್ಲಿ ತಳ್ಳಿ, ಅಳೆಯಲು ಹೋಗಬೇಡಿ.

ಎರಡೂ ಅಕ್ಕಪಕ್ಕ, ರಸ್ತೆಯ ಎರಡು ಸಾಲಿನಂತೆ ಹರಿಯುವುದೂ ಉಂಟು. ಅದನ್ನು ಈ ಪೈಪಿನಲ್ಲಿ ತರಲು ನೋಡಬೇಡಿ, ನಾವು ನೋಡಿ ಸೋತೆವು. ಚಿಪ್ಪುಗಳಲ್ಲಿ ಒಂದು ಕಡೆಯ ಗೋಡೆ ನೀರಿಗೆ, ಇನ್ನೊಂದು ಕಡೆಯದು ಎಣ್ಣೆಗೆ ಇಷ್ಟವಾಗುವಂತೆ ಮಾಡಿ ಅದನ್ನು ಸಾಧಿಸುತ್ತಾರೆ.

ಸೋಪು ಹಾಕಿದರೆ ಹನಿ ಸಣ್ಣ ಆಗುತ್ತದಲ್ಲ ಅಂತ ಯಾರಾದರೂ ಹೇಳುತ್ತಾರೆ. ಮೇಲ್ಮೈ ಸೆಳೆತ ಇಳಿಯುವುದು ನಿಜ. ಆದರೆ ಪಾತ್ರೆ ತೊಳೆಯುವ ಸೋಪು ನೀರಿನಲ್ಲಿ ಕರಗುವಂಥದ್ದು, ಗೋಡೆಯನ್ನೂ ನೀರಿನ ಕಡೆ ಒಲಿಸಿಬಿಡುತ್ತದೆ. ಸರ ಹರಿದು ರಾಡಿಯಾಗುತ್ತದೆ. ಹನಿಯನ್ನು ಸುತ್ತುವರಿದ ದ್ರವ ಯಾವುದೋ, ಅದರಲ್ಲಿ ಕರಗುವ ಸೋಪೇ ಬೇಕು. ಎಣ್ಣೆಯೊಳಗೆ ನೀರಿನ ಹನಿಗೆ ಪ್ರಯೋಗಾಲಯದವರು ಎಣ್ಣೆಗೇ ಸ್ಪ್ಯಾನ್ 80 ಎಂಬುದನ್ನು ಬೆರೆಸುತ್ತಾರೆ.

ತುಂಡಿನ ಹೊಟ್ಟೆಯೊಳಗೆ

ಕೆಂಪು ನೀರಿಗೆ ಚಿಟಿಕೆ ನಯವಾದ ಅಕ್ಕಿ ಹಿಟ್ಟು ಕದಡಿ, ಮತ್ತೆ ಸೋಸಿ ಬಿಡಿ. ಬೆಳಕು ಪಕ್ಕದಿಂದ ಬೀಳಲಿ. ತುಂಡಿನ ನಡುವೆ ಹಿಟ್ಟಿನ ಕಣಗಳು ಮುಂದಕ್ಕೆ ಓಡುತ್ತವೆ, ಮೂತಿಗೆ ಬಂದು ತಿರುಗಿ ಅಂಚಿನಲ್ಲಿ ಹಿಂದಕ್ಕೆ ಬರುತ್ತವೆ. ಗೋಡೆ ಹಿಡಿದೆಳೆಯುತ್ತದೆ, ನಡು ಮುಂದೆ ಹೋಗುತ್ತದೆ. ತುಂಡು ಪೂರ್ತಿ ಮುಂದೆ ಸಾಗುತ್ತಿರುವಾಗಲೇ ಒಳಗೆ ಈ ಸುತ್ತು. ಗೋಡೆಗೂ ತುಂಡಿಗೂ ನಡುವಿನ ಎಣ್ಣೆ ಪದರ ನಮ್ಮ ಲೆಕ್ಕಕ್ಕೆ ಸುಮಾರು 30 ಮೈಕ್ರಾನ್, ತಲೆಗೂದಲಿಗಿಂತಲೂ ತೆಳು.

ಈ ಸುತ್ತುವಿಕೆಗಾಗಿಯೇ ಜನ ಸ್ಲಗ್ ಹರಿವಿನ ಬೆನ್ನು ಹತ್ತುವುದು. ಸಣ್ಣ ಕಾಲುವೆಯಲ್ಲಿ ಸುಳಿ ಏಳುವುದಿಲ್ಲ. ನಮ್ಮ ಎಣ್ಣೆಯ ರೆನಾಲ್ಡ್ಸ್ ಸಂಖ್ಯೆ (ಹರಿವಿನ ರಭಸಕ್ಕೂ ಮಂದತನದ ತಡೆಗೂ ಇರುವ ಅನುಪಾತ) 0.1ಕ್ಕಿಂತ ಕಡಿಮೆ, ಗದ್ದಲದ ಹರಿವಿಗೆ ಪೈಪಿನಲ್ಲಿ ಎರಡು ಸಾವಿರ ದಾಟಬೇಕು. ಸುಳಿಯಿಲ್ಲದೆ ಬೆರೆಸುವುದು ಕಷ್ಟ. ತುಂಡಿನೊಳಗಾದರೆ ತಾನಾಗೇ ಬೆರೆಯುತ್ತದೆ. ನೋಡಬೇಕಿದ್ದರೆ ಇನ್ನೊಂದು ತ್ರೀ-ವೇ ಹಾಕಿ ನೀರಿನ ದಾರಿಯಲ್ಲೇ ಮುರುಗಲು ನೀರಿಗೆ ಸುಣ್ಣದ ತಿಳಿ ಸೇರಿಸಿ. ತುಂಡಿನೊಳಗೆ ಕೆಂಪು ನೀಲಿ-ಹಸಿರಿನ ಕಡೆ ತಿರುಗುತ್ತದೆ. ಪೈಪು ನೇರ ಇದ್ದರೆ ನಿಧಾನ, ಮೊಳೆಗಳ ನಡುವೆ ಅಂಕುಡೊಂಕಾಗಿ ಬಳಸಿದರೆ ಬೇಗ. ಸುಣ್ಣದ ಬದಲು ಅಡುಗೆ ಸೋಡ ಹಾಕಬೇಡಿ. ಮುರುಗಲು ಹುಳಿ, ಸೋಡ ಸೇರಿದರೆ ಗ್ಯಾಸ್ ಎದ್ದು ಪೈಪಿನ ತುಂಬಾ ಗುಳ್ಳೆ. ಇದೂ ಅನುಭವದ ಮಾತೇ.

ನಿಜವಾದ ಚಿಪ್ಪಿಗೆ ಹೋಗುವವರಿಗೆ

ಕಾಲೇಜಿನಲ್ಲಿ 100 ಮೈಕ್ರಾನ್ ಕಾಲುವೆಗೆ ಹೋದರೆ ಆಟದ ನಿಯಮ ಇವೇ, ಅಂಕಿಗಳು ಬದಲಾಗುತ್ತವೆ. ಹನಿಯೊಳಗಿನ ಮೇಲ್ಮೈ ಒತ್ತಡ ನಮ್ಮ ಪೈಪಿನಲ್ಲಿ ಒಂದು ಸೆಂ.ಮೀ. ನೀರಿನಷ್ಟೂ ಇಲ್ಲ, ಅಲ್ಲಿ ಹತ್ತು ಸೆಂ.ಮೀ. ಆಗುತ್ತದೆ. ಚಿಪ್ಪನ್ನು ಹೆಚ್ಚಾಗಿ ಪಿಡಿಎಂಎಸ್ ಎಂಬ ಸಿಲಿಕೋನ್ ರಬ್ಬರಿನಲ್ಲಿ, ಹತ್ತಕ್ಕೆ ಒಂದು ಪಾಲು ಗಟ್ಟಿಕಾರಕ ಬೆರೆಸಿ ಅಚ್ಚು ಹೊಯ್ಯುತ್ತಾರೆ. ಅದಕ್ಕೂ ಎಣ್ಣೆಯೇ ಇಷ್ಟ. ಗಾಜಿಗೆ ಅಂಟಿಸಲು ಪ್ಲಾಸ್ಮಾ ಹಾಯಿಸಿದ ಹೊಸತರಲ್ಲಿ ಮಾತ್ರ ನೀರಿಗೆ ಒಲಿದಿರುತ್ತದೆ. ಹಾಗಾಗಿ ಅಂಟಿಸಿದ ದಿನವೇ ನೀರಿನ ಹನಿ ಮಾಡಲು ಹೊರಟರೆ ನಮ್ಮ ಎರಡನೇ ದಿನದ ಗತಿ. ಸಿರಿಂಜ್ ಪಂಪ್ ಇದ್ದರೆ ದೊಡ್ಡ ಸಿರಿಂಜು ಹಾಕಬೇಡಿ. ಪಂಪಿನ ಮೋಟರು ಮೆಟ್ಟಿಲು ಮೆಟ್ಟಿಲಾಗಿ ತಳ್ಳುತ್ತದೆ, ಸಿರಿಂಜು ಸಣ್ಣದಿದ್ದಷ್ಟೂ ಆ ಕುಲುಕಾಟ ಕಡಿಮೆ. ಚಿಪ್ಪಿಗೆ ಹೋಗುವ ದ್ರವ ಬಟ್ಟೆಯಲ್ಲಿ ಸೋಸಿದ್ದು ಸಾಲದು, ಸಿರಿಂಜ್ ಫಿಲ್ಟರ್ ಬೇಕೇ ಬೇಕು. ಮುರುಗಲು ಅಲ್ಲಿಗೆ ತಗೊಂಡು ಹೋಗಬೇಡಿ.

ಮುಗಿದ ಮೇಲೆ ಆ ಎಣ್ಣೆಯನ್ನು ಅಡುಗೆಗೆ ಬಳಸಬೇಡಿ. ಪೈಪನ್ನು ಮೆತ್ತಗೆ ಮಾಡಲು ಪ್ಲಾಸ್ಟಿಕ್ಕಿಗೆ ಹಾಕಿದ ರಾಸಾಯನಿಕ ಎಣ್ಣೆಗೆ ಇಳಿದಿರುತ್ತದೆ. ಕೆಲವು ದಿನದಲ್ಲಿ ಪೈಪು ಬಿರುಸಾಗುವುದೂ ಅದಕ್ಕೇ. ಬಚ್ಚಲಿಗೂ ಸುರಿಯಬೇಡಿ, ಹಳೆ ಕಾಗದಕ್ಕೆ ಹೀರಿಸಿ. ಪೈಪಿಗೆ ಬಿಸಿ ಸೋಪಿನ ನೀರು ಹಾಯಿಸಿ, ಆಮೇಲೆ ಬರೀ ನೀರು, ಆಮೇಲೆ ಗಾಳಿ. ತ್ರೀ-ವೇಯನ್ನು ಅದೇ ದಿನ ತೊಳೆದು ತೆಗೆದಿಡಿ. ಸೂರ್ಯಕಾಂತಿ ಎಣ್ಣೆ ತೆಳುವಾಗಿ ಹರಡಿ ಉಳಿದರೆ ವಾರದೊಳಗೆ ಅಂಟಾಗುತ್ತದೆ, ಕಿವಿ ತಿರುಗುವುದಿಲ್ಲ. ನಮ್ಮ ಮೊದಲ ತ್ರೀ-ವೇ ಈಗಲೂ ಅಟ್ಟದ ಮೇಲೆ ಹಾಗೇ ಕಚ್ಚಿಕೊಂಡು ಕೂತಿದೆ.